ಗೇಟಿನ ಒಕೆಲ್ಲೊ ಮತ್ತು ನಾನು ಬರೆಯದೆ ಬಿಟ್ಟ ಒಂದು ಸಾಲು

ನಿಧಿ, ತನ್ವಿತ್, ಇಬ್ಬರೂ ಫೋನ್ ಬದಿಗಿಟ್ಟು ಕೂತು ಕೇಳಿ. ಓದಿ ಅಂತ ಬರೆಯದೆ ಕೇಳಿ ಅಂತ ಬರೆದೆ, ಯಾಕೆಂದರೆ ನಿಮಗೆ ಕನ್ನಡ ಓದಲು ಬರುವುದಿಲ್ಲ. ನಿಮ್ಮ ಅಮ್ಮನೇ ಓದಿ ಹೇಳಬೇಕು. ನನಗೆ ಅವಮಾನವಾಗುವ ಜಾಗ ಬಂದಾಗ ಅವಳು ಹಾರಿಸಿ ಓದುತ್ತಾಳೆ. ಹಾರಿಸಲು ಬಿಡಬೇಡಿ. ಅವೆಲ್ಲ ಹೋದರೆ ಇದರಲ್ಲಿ ಉಳಿಯುವುದು ನಿಮ್ಮ ಹೆಸರು ಮತ್ತು ಕೆಲವು ಪೂರ್ಣವಿರಾಮಗಳು.

ನಿಧಿ, ನೀನು ಲ್ಯಾಬ್ ಕೋರ್ಸಿಗೆ ಸೇರುತ್ತೇನೆ ಅಂದ ದಿನ ಮನೆಯವರೆಲ್ಲ ನನ್ನ ಮುಖ ನೋಡಿದರು, ನಾನೇ ನಿನ್ನ ಹಾಲಿಗೆ ಏನೋ ಬೆರೆಸಿದ ಹಾಗೆ. ನೀನು ಕೇಳಿದೆ, "ಅಜ್ಜಿ, ವಾಟ್ ವಾಸ್ ದ ಜಾಬ್ ರಿಯಲಿ ಲೈಕ್?" ನಾನು "ಲಾಯ್ಕ್ ಇತ್ತು" ಅಂದೆ. ಇಡೀ ಒಂದು ಆಯಸ್ಸಿನ ಕೆಲಸಕ್ಕೆ ಎರಡು ಶಬ್ದ. ಬಾಯಿಯಲ್ಲಿ ಬಾರದ್ದು ಕೈಯಲ್ಲಾದರೂ ಬರಲಿ ಅಂತ ಈಗ ಬರೆಯುತ್ತಿದ್ದೇನೆ.

ನನ್ನ ಬಾಯಿಯ ಕಥೆ ನಮ್ಮೂರ ಶಾಲೆಯಿಂದ ಶುರುವಾಗುತ್ತದೆ. ಒಂದೇ ಕೋಣೆಯಲ್ಲಿ ನಾಲ್ಕು ತರಗತಿ. ಮೇಷ್ಟ್ರು ಕೇಳಿದರೆ ಎದ್ದು ನಿಂತು ಕೈಕಟ್ಟಿ ಉತ್ತರ ಹೇಳಬೇಕು, ಕೇಳದೆ ಹೇಳಿದವರು ಬೆಂಚಿನ ಮೇಲೆ ನಿಲ್ಲಬೇಕು. ನಾನು ಏಳು ವರ್ಷದಲ್ಲಿ ಒಮ್ಮೆಯೂ ಬೆಂಚು ಹತ್ತಲಿಲ್ಲ. ಊರವರು ಅದನ್ನು ಬುದ್ಧಿವಂತಿಕೆ ಅಂದುಕೊಂಡರು. ಲ್ಯಾಬ್ ಡಿಪ್ಲೊಮಾ ಸಿಕ್ಕಿದ್ದೂ ಅದೇ ಗುಣದಿಂದ. ಲ್ಯಾಬಿನಲ್ಲೂ ಡಾಕ್ಟರು ಚೀಟಿಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುವುದು. ಸಕ್ಕರೆ ಎಷ್ಟು ಅಂದರೆ ಸಕ್ಕರೆ, ಮಲೇರಿಯಾ ಇದೆಯಾ ಅಂದರೆ ಇದೆ ಅಥವಾ ಇಲ್ಲ. ದೇವರು ಈ ಉದ್ಯೋಗವನ್ನು ನನ್ನಂಥವಳಿಗೆಂದೇ ಮಾಡಿದ್ದಾನೆ ಅನ್ನಿಸಿತ್ತು.

ಮದುವೆಯಾಗಿ ಈ ಕೊಲ್ಲಿ ದೇಶಕ್ಕೆ ಬಂದ ಮೇಲೆ ಮೊದಲು ಸೇರಿದ್ದು ಅಲ್ ಮುರಕ್ಕಬಾತ್‌ನ ಒಂದು ಖಾಸಗಿ ಲ್ಯಾಬಿಗೆ. ಕೆಳಗೆ ಹೋಟೆಲು, ಮೇಲೆ ನಾವು. ಮಧ್ಯಾಹ್ನ ಹನ್ನೆರಡಾದರೆ ಬಿರಿಯಾನಿಯ ವಾಸನೆಯಲ್ಲೇ ಮೂತ್ರ ಪರೀಕ್ಷೆ. "ಅಜ್ಜಿ, ದಟ್ಸ್ ಗ್ರೋಸ್" ಅಂತ ತನ್ವಿತ್ ಈಗ ಹೇಳಿರುತ್ತಾನೆ. ಹೌದು ಮಗಾ.

ಅಲ್ಲಿಗೆ ಸೇರಿದ ಎರಡನೇ ವಾರ, ಮಲೇರಿಯಾದ ಸ್ಲೈಡು ನೋಡುತ್ತಿದ್ದಾಗ ಕಪ್ಪಗೆ, ದಪ್ಪಗೆ, ಬಿಲ್ಲಿನ ಹಾಗೆ ಬಾಗಿದ ಒಂದು ಹುಳು ಕಂಡಿತು. ಬರಿಯ ಹುಳುವಲ್ಲ, ನೋಡುತ್ತಿದ್ದಂತೆ ಮೇಲಿಂದ ಕೆಳಗೆ ಬಡಿಯುತ್ತಿತ್ತು. ಪುಸ್ತಕದಲ್ಲಿ ಎಲ್ಲೂ ಇಲ್ಲದ ಹುಳು! ಜೀವಮಾನದಲ್ಲಿ ಮೊದಲ ಸಲ, ಯಾರೂ ಕೇಳದೆ, ನಾನು ಎದ್ದು ನಿಂತು ಕೂಗಿದೆ. ಲ್ಯಾಬಿನ ಆರು ಜನರೂ ಸಾಲುಗಟ್ಟಿ ಬಂದು ಮೈಕ್ರೊಸ್ಕೋಪಿನಲ್ಲಿ ಇಣುಕಿದರು. ಯಾರಿಗೂ ಏನೂ ಕಾಣಲಿಲ್ಲ. ನಾನು ಇಣುಕಿದರೆ ಮತ್ತೆ ಹಾಜರ್. ಕೊನೆಗೆ ನಮ್ಮ ಚೀಫ್, ಹೈದರಾಬಾದಿನ ಮುದುಕರು, ನನ್ನನ್ನೇ ನೋಡಿ ಹೇಳಿದರು, "ಬೇಟಿ, ಒಮ್ಮೆ ಕಣ್ಣು ಮಿಟುಕಿಸು. ಹುಳ ಕುಣಿಯಿತಾ?"

ಕುಣಿಯಿತು.

"ಅದು ನಿನ್ನ ರೆಪ್ಪೆ. ಮೂಗನ್ನು ಗಾಜಿಗೆ ಒತ್ತಿ ಕೂತರೆ ರೆಪ್ಪೆ ಕಾಣದೆ ರಾಜಕುಮಾರ ಕಾಣುತ್ತಾನಾ?"

ಆ ಲ್ಯಾಬಿನಲ್ಲಿದ್ದಷ್ಟು ಕಾಲ ನನ್ನ ಹೆಸರು ರೆಪ್ಪೆ ಮೇಡಂ. ಅವತ್ತೇ ಮನಸ್ಸಿನಲ್ಲಿ ತೀರ್ಮಾನ ಮಾಡಿದೆ: ಗುಲಾಬಿ, ಇನ್ನು ಕೇಳದೆ ಬಾಯಿ ತೆರೆದರೆ ನೋಡು.

ನಿಮ್ಮ ಅಜ್ಜನಿಗೆ ಮುಸಫ್ಫಾದ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಫೋರ್‌ಮನ್ ಕೆಲಸ ಸಿಕ್ಕಿದಾಗ ನಾವು ಅಬುಧಾಬಿಗೆ ಹೋದೆವು. ನನಗೆ ಸಿಕ್ಕಿದ್ದು ಊರಾಚೆ ಮರಳಿನ ನಡುವೆ ಇದ್ದ ಒಂಟೆಗಳ ಲ್ಯಾಬ್. ಮನುಷ್ಯರ ಜೊತೆ ಮಾತಾಡುವ ತಾಪತ್ರಯ ಇಲ್ಲ ಅಂತ ಸಂತೋಷದಿಂದ ಒಪ್ಪಿದೆ. ಮೊದಲ ದಿನವೇ ಒಂದು ಒಂಟೆ ನನ್ನ ಶಾಲನ್ನು ಬಾಯಿಗೆ ಹಾಕಿಕೊಂಡು ಅರ್ಧ ಜಗಿದು, ರುಚಿ ಹಿಡಿಸದೆ ಉಗುಳಿತು. ಅಜ್ಜ ಅದನ್ನು ವರ್ಕ್‌ಶಾಪಿನವರಿಗೆಲ್ಲ ಹೇಳಿದರು.

ಆ ಲ್ಯಾಬಿನಲ್ಲಿ ನಾವು ಮುಖ್ಯವಾಗಿ ಹುಡುಕುತ್ತಿದ್ದದ್ದು ಸರ್ರಾ ಅನ್ನುವ ರೋಗ. ಕಚ್ಚುವ ನೊಣಗಳು ಒಂದು ಒಂಟೆಯಿಂದ ಇನ್ನೊಂದಕ್ಕೆ ಹರಡುತ್ತವೆ. ಜ್ವರ ಬರುತ್ತದೆ, ಹೋಗುತ್ತದೆ, ಡುಬ್ಬ ಕರಗುತ್ತದೆ. ರಕ್ತದಲ್ಲಿ ಅದರ ಪರೋಪಜೀವಿ ಸಣ್ಣ ರಿಬ್ಬನ್ನಿನ ಹಾಗೆ ಈಜುತ್ತಿರುತ್ತದೆ, ಆದರೆ ಎಲ್ಲ ದಿನವೂ ಸಿಗುವುದಿಲ್ಲ.

ಅಲ್ಲಿಯ ಹಿರಿಯ ಡಾಕ್ಟರು ಹಾಶಿಮ್, ಸುಡಾನಿನವರು. ಎತ್ತರದ ಆಳು, ಮೆಲುದನಿ. ನಾನು ಮೊದಲ ಸ್ಲೈಡು ನೋಡಿ ಮುಗಿಸಿದಾಗ ಕೇಳಿದರು, "ಯಲ್ಲಾ, ಹೇಳು ಗುಲಾಬಿ, ಏನು ಕಂಡೆ?"

"ಸರ್ರಾ ಇಲ್ಲ ಡಾಕ್ಟರ್."

"ಸರ್ರಾ ಇದೆಯಾ ಅಂತ ನಾನು ಕೇಳಲಿಲ್ಲ. ಏನು ಕಂಡೆ ಅಂತ ಕೇಳಿದೆ."

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ತಡವರಿಸುತ್ತಾ ಹೇಳಿದೆ: ಕೆಂಪು ಕಣಗಳು ತೆಳುವಾಗಿವೆ, ಒಂದು ಕಡೆ ಬಣ್ಣ ಸರಿಯಾಗಿ ಹಿಡಿದಿಲ್ಲ, ಮೂಲೆಯಲ್ಲಿ ಒಂದು ಕೂದಲು ಇದೆ, ಅದು ಬಹುಶಃ ನನ್ನದೇ. ಅವರು ನಗಲಿಲ್ಲ. "ಹಾಂ. ಈಗ ಕೆಲಸ ಶುರು ಮಾಡಿದೆ" ಅಂದರು.

ಅವರು ಕಲಿಸಿದ ಕ್ರಮ ಹೀಗಿತ್ತು. ಬಣ್ಣ ಹಾಕುವ ಮೊದಲು, ರಕ್ತ ಬಿಸಿ ಇರುವಾಗಲೇ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಹಾಗೇ ನೋಡಬೇಕು. ಪರೋಪಜೀವಿಯನ್ನು ಹುಡುಕಬಾರದು, ಕಣಗಳ ಅಲುಗಾಟವನ್ನು ನೋಡಬೇಕು. ದೇರಾದ ಮೀನು ಮಾರ್ಕೆಟಿನ ಜನಸಂದಣಿಯಲ್ಲಿ ಬೆಕ್ಕು ನುಗ್ಗಿದರೆ ಬೆಕ್ಕು ಕಾಣುವುದಿಲ್ಲ. ಒಬ್ಬ ಕಾಲೆತ್ತುತ್ತಾನೆ, ಇನ್ನೊಬ್ಬಳು ಸೀರೆ ಎತ್ತುತ್ತಾಳೆ, ಹಾಗೆ ಬೆಕ್ಕು ಹೋದ ದಾರಿ ತಿಳಿಯುತ್ತದೆ. ರಕ್ತದ ಹನಿಯೂ ಹಾಗೆಯೇ.

ಆಮೇಲೆ ವಿಧಾನಗಳು ಬದಲಾದವು. ಸೂಜಿಯಷ್ಟು ಸಣ್ಣ ಗಾಜಿನ ನಳಿಗೆಯಲ್ಲಿ ರಕ್ತ ತುಂಬಿ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಬೇರ್ಪಟ್ಟ ಬಿಳಿ ಗೆರೆಯ ಬಳಿ ನೋಡುವುದು ಬಂತು. ನಳಿಗೆಯ ತುದಿಗೆ ಮೇಣ ಮೆತ್ತಬೇಕು. ನಾನು ಒಮ್ಮೆ ಹನ್ನೆರಡು ನಳಿಗೆಗೂ ಮೇಣ ಮರೆತು ಯಂತ್ರ ಓಡಿಸಿದೆ. ನಿಂತ ಮೇಲೆ ಮುಚ್ಚಳ ತೆಗೆದರೆ ಒಳಗೆ ಹೋಳಿ ಹಬ್ಬ. ಹನ್ನೆರಡು ಒಂಟೆಗಳ ಬಳಿ ಮತ್ತೆ ಹೋಗಿ ರಕ್ತ ಕೇಳಬೇಕಾಯಿತು. ಅವುಗಳಲ್ಲಿ ಶಾಲು ತಿಂದವನೂ ಇದ್ದ. ಮುಂದೆ ಕಾರ್ಡಿನ ಪರೀಕ್ಷೆ ಬಂತು. ರೋಗವಿದ್ದರೆ ನೀಲಿ ಹನಿ ಹಾಲು ಒಡೆದ ಹಾಗೆ ಒಡೆಯುತ್ತದೆ. ಕೊನೆಗೆ ಪಿಸಿಆರ್ ಯಂತ್ರ. ಎಷ್ಟೇ ಯಂತ್ರ ಬಂದರೂ ಹಾಶಿಮ್ ಡಾಕ್ಟರು ಬಿಸಿ ಹನಿಯನ್ನು ಬಿಡಲು ಬಿಡಲಿಲ್ಲ.

ಅವರು ಪ್ರಾಯದಲ್ಲಿ ತಮ್ಮ ದೇಶದ ದಕ್ಷಿಣದ ಹಳ್ಳಿಗಳಲ್ಲಿ ಮನುಷ್ಯರ ನಿದ್ರೆರೋಗ ಹುಡುಕುವ ತಂಡದ ಜೊತೆ ತಿರುಗಿದವರು. ಅದು ಆಫ್ರಿಕಾದಲ್ಲಿ ನದಿ ಬದಿಯ ಪೊದೆಗಳಲ್ಲಿರುವ ಒಂದು ಜಾತಿಯ ನೊಣ ಕಚ್ಚಿ ಬರುವ ರೋಗ. ಒಂಟೆಯ ಸರ್ರಾ ಮತ್ತು ಅದು ಹತ್ತಿರದ ದಾಯಾದಿಗಳು, ಮೈಕ್ರೊಸ್ಕೋಪಿನಲ್ಲಿ ಬೇರೆ ಮಾಡಿ ಹೇಳಲಾಗದಷ್ಟು. ಮೊದಲು ಜ್ವರ, ಆಮೇಲೆ ಅದು ಮಿದುಳಿಗೆ ಹತ್ತಿ, ಮನುಷ್ಯ ಹಗಲಲ್ಲಿ ತುತ್ತು ಕೈಯಲ್ಲಿ ಹಿಡಿದೇ ನಿದ್ದೆ ಹೋಗುತ್ತಾನೆ. ಬಿಟ್ಟರೆ ಸಾಯುತ್ತಾನೆ. "ಅವನಿಗೆ ಸೋಮಾರಿ ಅನ್ನುವ ಹೆಸರು ಮೊದಲು ಬರುತ್ತದೆ. ರೋಗದ ಹೆಸರು ಬರುವುದು ಆಮೇಲೆ, ಬಂದರೆ" ಅನ್ನುತ್ತಿದ್ದರು. ನಾನು ಚಹಾ ಕುಡಿಯುತ್ತಾ ಹೂಂಗುಟ್ಟುತ್ತಿದ್ದೆ. ನನಗೇನು, ನನ್ನ ರೋಗಿಗಳೆಲ್ಲ ಒಂಟೆಗಳು.

ಅಜ್ಜ ತೀರಿಕೊಂಡ ಮೇಲೆ ಅಷ್ಟು ದೂರ ಹೋಗಿಬರುವುದು ನನ್ನಿಂದಾಗಲಿಲ್ಲ. ಮುಸಫ್ಫಾದಲ್ಲೇ, ಮನೆಯ ಹತ್ತಿರದ ಒಂದು ಕ್ಲಿನಿಕ್ಕಿನ ಲ್ಯಾಬಿಗೆ ಸೇರಿದೆ. ಹಾಶಿಮ್ ಡಾಕ್ಟರು ನಿವೃತ್ತರಾಗಿ ಮಗನ ಮನೆ ಸೇರಿದ್ದರು. ಕ್ಲಿನಿಕ್ಕಿನಲ್ಲಿ ಎಲ್ಲವೂ ಯಂತ್ರ. ರಕ್ತ ಹಾಕಿದರೆ ಕಾಗದ ಬರುತ್ತದೆ. ನಮ್ಮ ಮೇಲ್ವಿಚಾರಕಿ ಬೀನಾ, ಕೇರಳದವಳು, ನನ್ನ ಮಗಳ ಪ್ರಾಯ, ಗಡಿಯಾರವನ್ನೇ ನುಂಗಿದವಳ ಹಾಗೆ ಓಡಾಡುತ್ತಿದ್ದಳು. ನಾನು ಅಭ್ಯಾಸಬಲದಿಂದ ಬಿಸಿ ಹನಿ ನೋಡಲು ಕೂತರೆ, "ಚೇಚಿ, ಇದು ಒಂಟೆ ಲ್ಯಾಬ್ ಅಲ್ಲ. ಫಾರ್ಮಲ್ಲಿ ಏನಿದೆಯೋ ಅಷ್ಟೇ ಮಾಡಿ, ಪ್ಲೀಸ್" ಅನ್ನುತ್ತಿದ್ದಳು. ಕೇಳಿದ್ದಕ್ಕೆ ಮಾತ್ರ ಉತ್ತರ! ನನಗೆ ತವರಿಗೆ ಬಂದ ಹಾಗಾಯಿತು. ಎರಡೇ ವಾರದಲ್ಲಿ ಬಿಸಿ ಹನಿ ಬಿಟ್ಟುಬಿಟ್ಟೆ.

ಆ ಕ್ಲಿನಿಕ್ಕಿನ ಗೇಟಿನಲ್ಲಿದ್ದವನು ಒಕೆಲ್ಲೊ. ಉಗಾಂಡಾದವನು, ಸೆಕ್ಯುರಿಟಿ ಕಂಪನಿಯ ಗಾರ್ಡು. ಇಸ್ತ್ರಿ ಮಾಡಿದ ಅಂಗಿ, ಮೈಗಿಂತ ದೊಡ್ಡ ನಗು. ನನ್ನನ್ನು ಕಂಡರೆ "ಗುಡ್ ಮಾರ್ನಿಂಗ್ ಮಮ್ಮಾ, ಇವತ್ತು ಯಾರ ರಕ್ತ ಕುಡಿಯುತ್ತೀರಿ?" ಅನ್ನುತ್ತಿದ್ದ. ನಾನು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ. ಅದಕ್ಕೊಂದು ಉತ್ತರ ಯೋಚಿಸಿ ಇಟ್ಟುಕೊಂಡಿದ್ದೆ, ಹೇಳಲು ಮೂರು ವರ್ಷ ಬೇಕಾಯಿತು.

ಒಂದು ಸಲ ಅವನು ರಜೆಯಲ್ಲಿ ಊರಿಗೆ ಹೋಗಿಬಂದ. ನದಿಯ ಪಕ್ಕ ದನ ಮೇಯಿಸಿದೆ, ತಂಗಿಯ ಮದುವೆಯಲ್ಲಿ ಕುಣಿದೆ ಅಂತ ಎಲ್ಲರಿಗೂ ಫೋಟೊ ತೋರಿಸಿದ. ಹದಿನೈದು ದಿನದೊಳಗೆ ಜ್ವರ. ಡಾಕ್ಟರು ಮಲೇರಿಯಾ ಪರೀಕ್ಷೆಗೆ ಬರೆದರು. ಸ್ಲೈಡು ನನ್ನ ಕೈಗೆ ಬಂತು.

ಮಲೇರಿಯಾ ಇರಲಿಲ್ಲ. ಆದರೆ ಸ್ಲೈಡಿನ ಅಂಚಿನಲ್ಲಿ, ಎರಡು ಕಣಗಳ ನಡುವೆ, ನೇರಳೆ ಬಣ್ಣದ ಒಂದು ಸಣ್ಣ ರಿಬ್ಬನ್ ಕಂಡಿತು. ಒಂದೇ ಒಂದು. ನಾನು ಹಿಂದೆ ಸರಿದು ಕಣ್ಣು ಮಿಟುಕಿಸಿದೆ. ಕುಣಿಯಲಿಲ್ಲ. ರೆಪ್ಪೆಯಲ್ಲ. ಹಾಗಾದರೆ ಬಣ್ಣದ ಕಸ ಇರಬೇಕು ಅಂದುಕೊಂಡೆ. ವರ್ಷಗಟ್ಟಲೆ ಒಂಟೆ ನೋಡಿದವಳಿಗೆ ಎಲ್ಲ ಕಡೆ ಒಂಟೆಯೇ ಕಾಣುತ್ತದೆ ಅಂತ ಎಲ್ಲರೂ ನಗುತ್ತಾರೆ ಅಂದುಕೊಂಡೆ. ಬೀನಾ ಹಿಂದಿನಿಂದ "ಚೇಚಿ, ಆಯ್ತಾ?" ಅಂದಳು.

ಫಾರ್ಮಿನಲ್ಲಿ ಕೇಳಿದ್ದು ಮಲೇರಿಯಾ. "ಮಲೇರಿಯಾ ಪರೋಪಜೀವಿ ಕಂಡುಬಂದಿಲ್ಲ" ಅಂತ ಬರೆದು ಸಹಿ ಹಾಕಿದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನಿಧಿ, ಇಲ್ಲಿ ಒಂದು ಕ್ಷಣ ನಿಲ್ಲು. ನನ್ನ ಇಡೀ ಕೆಲಸದ ಬದುಕಿನಲ್ಲಿ ನಾನು ಕೊಟ್ಟ ಅತಿ ಕೆಟ್ಟ ವರದಿ ಅದು.

ಅವನಿಗೆ ಜ್ವರದ ಮಾತ್ರೆ ಕೊಟ್ಟು ಕಳಿಸಿದರು. ಜ್ವರ ಹೋಯಿತು, ಬಂತು, ಹೋಯಿತು. ಕೆಲವು ವಾರಗಳಲ್ಲಿ ಅವನ ಅಂಗಿ ಸಡಿಲವಾಯಿತು. ಒಂದು ದಿನ ಗುಡ್ ಮಾರ್ನಿಂಗ್ ಇಲ್ಲ. ನೋಡಿದರೆ ಕುರ್ಚಿಯಲ್ಲಿ ಗಲ್ಲ ಎದೆಗೆ ತಾಗಿಸಿ ನಿದ್ದೆ. ಬೆಳಿಗ್ಗೆ ಎಂಟು ಗಂಟೆಗೆ. ಕ್ಲಿನಿಕ್ಕಿನವರಿಗೆ ಅದೊಂದು ತಮಾಷೆಯಾಯಿತು. ರಿಸೆಪ್ಷನಿನ ಹುಡುಗಿ ಹೇಳಿದಳು, "ತಂಗಿಯ ಮದುವೆಯ ಹ್ಯಾಂಗೋವರ್ ಇನ್ನೂ ಇಳಿದಿಲ್ಲ." ಸೆಕ್ಯುರಿಟಿ ಕಂಪನಿಯ ಸೂಪರ್‌ವೈಸರ್ ಬಂದು ಅವನು ನಿದ್ದೆ ಮಾಡುವ ಫೋಟೊ ತೆಗೆದ. ಒಂದು ವಾರ್ನಿಂಗ್ ಲೆಟರ್. ಮತ್ತೊಂದು.

"ಮೂರನೆಯದು ಸಿಕ್ಕಿದರೆ ಖಲಾಸ್. ವೀಸಾ ಕ್ಯಾನ್ಸಲ್, ಮನೆಗೆ" ಅಂದ ಸೂಪರ್‌ವೈಸರ್, ಎಲ್ಲರೆದುರು. "ನಾಯಿಗೂ ಇದಕ್ಕಿಂತ ಎಚ್ಚರ ಇರುತ್ತದೆ. ಗುರುವಾರ ಬರುತ್ತೇನೆ."

ಒಕೆಲ್ಲೊ ಎದ್ದು ನಿಂತು "ಸಾರಿ ಸರ್" ಅಂದ. ನಾಲಿಗೆ ತೊದಲುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ಮಮ್ಮಾ, ನಾನು ಕುಡಿಯುವುದಿಲ್ಲ. ದೇವರಾಣೆ. ನನಗೇನಾಗಿದೆ ಗೊತ್ತಾಗುತ್ತಿಲ್ಲ" ಅಂದ.

ನನಗೆ ಗೊತ್ತಿತ್ತು. ಆ ಗೇಟಿನಲ್ಲಿ ನಿಂತಿದ್ದವರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಸೋಮಾರಿ ಅನ್ನುವ ಹೆಸರು ಬಂದಾಗಿತ್ತು. ಊರಿಗೆ ಕಳಿಸಿದರೆ, ಇನ್ನೊಂದು ಹೆಸರು ಬರುವ ಹೊತ್ತಿಗೆ ಅವನಿರುತ್ತಾನೋ ಇಲ್ಲವೋ.

ಒಳಗೆ ಹೋಗಿ ಡ್ರಾಯರಿನಿಂದ ಅವನ ಹಳೆಯ ಸ್ಲೈಡು ತೆಗೆದು ಮತ್ತೆ ನೋಡಿದೆ. ರಿಬ್ಬನ್ ಅಲ್ಲೇ ಇತ್ತು, ನನ್ನನ್ನೇ ಕಾಯುತ್ತಿದ್ದ ಹಾಗೆ. ಅರ್ಧ ಗಂಟೆ ಹುಡುಕಿದಾಗ ಇನ್ನೊಂದು ಸಿಕ್ಕಿತು.

ಈಗ ನಿಮ್ಮ ಶೂರೆ ಅಜ್ಜಿ ಏನು ಮಾಡಿದಳು ಕೇಳಿ. ಬಾತ್‌ರೂಮಿಗೆ ಹೋಗಿ ಕನ್ನಡಿಯೆದುರು ಹೇಳಬೇಕಾದ ಮಾತನ್ನು ಐದು ಸಲ ಅಭ್ಯಾಸ ಮಾಡಿದಳು. ಡಾಕ್ಟರು ಕಾರ್ತಿಕ್, ಮೈಸೂರಿನ ಹುಡುಗ, ಕನ್ನಡದಲ್ಲೇ ಹೇಳಬಹುದಿತ್ತು. ಬಾಗಿಲು ತಟ್ಟಿದೆ.

"ಬನ್ನಿ ಗುಲಾಬಮ್ಮ. ಏನು ಸಮಾಚಾರ?"

"ಎಂತ ಇಲ್ಲ ಸರ್" ಅಂದೆ. "ಎಸಿ ಜಾಸ್ತಿ ಆಯ್ತಾ ಅಂತ ಕೇಳ್ಲಿಕ್ಕೆ ಬಂದೆ."

ಅವರು ಎಸಿ ನೋಡಿದರು. ನಾನೂ ಎಸಿ ನೋಡಿದೆ. "ಇಲ್ಲ, ಸರಿಯಾಗೇ ಇದೆ" ಅಂದರು. ಹೊರಗೆ ಬಂದೆ.

ನಿಮ್ಮ ಅಜ್ಜ ಇದ್ದಿದ್ದರೆ, "ಒಂಟೆಯ ಕುತ್ತಿಗೆಗೆ ಸೂಜಿ ಚುಚ್ಚುವವಳಿಗೆ ಡಾಕ್ಟರ ಹತ್ರ ಮಾತಾಡ್ಲಿಕ್ಕೆ ಎಂತ ಹೆದರಿಕೆ ಮಾರಾಯ್ತಿ?" ಅನ್ನುತ್ತಿದ್ದರು. ಅವರಿಲ್ಲವಲ್ಲ. ಮೆಟ್ಟಿಲ ಮೇಲೆ ಕೂತು ಹಾಶಿಮ್ ಡಾಕ್ಟರಿಗೆ ಫೋನು ಮಾಡಿದೆ. ಕುಶಲ ಕೇಳುವ ಮೊದಲೇ ನನ್ನ ದನಿಯಿಂದ ಅವರಿಗೆ ಗೊತ್ತಾಯಿತು.

"ಗುಲಾಬಿ. ಏನು ಕಂಡೆ?"

ಕೇಳಿಬಿಟ್ಟರು! ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದೆ. ರಿಬ್ಬನ್, ಸಡಿಲವಾದ ಅಂಗಿ, ತೊದಲು, ನದಿಯ ಪಕ್ಕದ ದನ, ಗುರುವಾರ, ನನ್ನ ಸಹಿ.

"ನಾನು ಒಂಟೆ ಡಾಕ್ಟರು" ಅಂದರು ಕೊನೆಗೆ. "ಅವನು ಒಂಟೆಯಲ್ಲ. ನನಗೆ ಯಾಕೆ ಹೇಳುತ್ತಿದ್ದೀಯ?"

"ಇಲ್ಲಿ ಯಾರೂ ಕೇಳಲಿಲ್ಲ ಡಾಕ್ಟರ್."

"ಗುರುವಾರದ ತನಕ ಕೇಳುವುದೂ ಇಲ್ಲ. ಎದ್ದೇಳು, ಯಲ್ಲಾ."

ಎದ್ದೆ. ಈ ಸಲ ಬಾಗಿಲು ತಟ್ಟಲು ನಿಂತರೆ ಮತ್ತೆ ಎಸಿ ವಿಚಾರಿಸುತ್ತೇನೆ ಅಂತ ಗೊತ್ತಿತ್ತು, ಅದಕ್ಕೆ ತಟ್ಟದೆ ನುಗ್ಗಿದೆ. ಒಳಗೆ ಒಬ್ಬ ರೋಗಿ ಅಂಗಿ ಬಿಚ್ಚಿ ಕೂತಿದ್ದ. ಅವನೆದುರೇ ಹೇಳಿದೆ, "ಸರ್, ಒಕೆಲ್ಲೊ ಸೋಮಾರಿ ಅಲ್ಲ. ಅವನ ರಕ್ತದಲ್ಲಿ ನಿದ್ರೆರೋಗದ ಪರೋಪಜೀವಿ ಉಂಟು. ಆ ದಿನವೇ ಕಂಡಿತ್ತು. ನಾನು ಬರೆಯಲಿಲ್ಲ."

ಅಂಗಿ ಬಿಚ್ಚಿದವನು ಗಾಬರಿಯಿಂದ ಅಂಗಿ ಹಾಕಿಕೊಂಡ. ಡಾಕ್ಟರು ನನ್ನನ್ನೇ ನೋಡಿದರು. "ಗುಲಾಬಮ್ಮ, ನಾನು ಅದನ್ನ ಪುಸ್ತಕದಲ್ಲಿ ಒಂದು ಸಲ ನೋಡಿದೀನಿ, ಪರೀಕ್ಷೆ ಹಿಂದಿನ ದಿನ. ನಿಮಗೆ ಖಾತ್ರಿನಾ?"

"ಬಿಸಿ ಹನಿ ನೋಡಬೇಕು. ನೀವು ಫಾರ್ಮಿನಲ್ಲಿ ಬರೆದು ಕೊಡಬೇಕು."

ಬರೆದುಕೊಟ್ಟರು. ಒಕೆಲ್ಲೊನನ್ನು ಎಬ್ಬಿಸಿ ಕರೆತಂದು ಬೆರಳು ಚುಚ್ಚಿದೆ. ಮೊದಲ ಹನಿ: ಕಣಗಳು ತೆಪ್ಪಗೆ ಮಲಗಿದ್ದವು. ಎರಡನೇ ಹನಿ: ಏನೂ ಇಲ್ಲ. ಬೀನಾ ಹಿಂದೆ ಕೈಕಟ್ಟಿ ನಿಂತಿದ್ದಳು. ನನ್ನ ಕಿವಿಯಲ್ಲಿ ರೆಪ್ಪೆ ಮೇಡಂ, ರೆಪ್ಪೆ ಮೇಡಂ ಅಂತ ಕೇಳುತ್ತಿತ್ತು. ಮೂರನೇ ಹನಿಯಲ್ಲಿ, ಬಲಬದಿಯ ಮೂಲೆಯಲ್ಲಿ, ಒಂದು ಕಣ ತುಸು ಸರಿಯಿತು. ಪಕ್ಕದ್ದು ಸರಿಯಿತು. ಅದರ ಪಕ್ಕದ್ದು. ಮೀನು ಮಾರ್ಕೆಟಿನಲ್ಲಿ ಬೆಕ್ಕು ಓಡುತ್ತಿತ್ತು.

"ನೋಡಿ ಸರ್."

ಡಾಕ್ಟರು ಬಗ್ಗಿದರು. ತುಂಬಾ ಹೊತ್ತು ನೋಡಿದರು. "ಹಾಂ ಹಾಂ, ಕಾಣಿಸ್ತು! ಕಪ್ಪಗೆ, ದಪ್ಪಗೆ, ಬಡ್ಕೊಳ್ತಾ ಇದೆ!"

"ಅದು ನಿಮ್ಮ ರೆಪ್ಪೆ ಸರ್. ಸ್ವಲ್ಪ ಹಿಂದೆ ಸರಿಯಿರಿ."

ಬೀನಾ ಕೆಮ್ಮಿದಳು. ಡಾಕ್ಟರು ಹಿಂದೆ ಸರಿದರು, ಮತ್ತೆ ನೋಡಿದರು. ಅವರ ಕಿವಿ ಕೆಂಪಾಗಿದ್ದದ್ದು ಬೆಳ್ಳಗಾಯಿತು. ಫೋನು ಎತ್ತಿಕೊಂಡರು.

ಅವತ್ತೇ ಅವನನ್ನು ದೊಡ್ಡ ಸರಕಾರಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಬೆನ್ನಿನಿಂದ ನೀರು ತೆಗೆದು ನೋಡಿದಾಗ ರೋಗ ಮಿದುಳಿಗೆ ಹತ್ತಿತ್ತು. ಔಷಧ ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಹೊರದೇಶದಿಂದ ವಿಮಾನದಲ್ಲಿ ತರಿಸಿದರು. ಗುರುವಾರ ಸೂಪರ್‌ವೈಸರ್ ಬಂದಾಗ ಗೇಟಿನ ಕುರ್ಚಿ ಖಾಲಿ. "ಓಡಿಹೋದನಾ?" ಅಂದ. ಬೀನಾ, ಆ ಗಡಿಯಾರದ ಬೀನಾ, ಕೆಲಸ ಬಿಟ್ಟು ಹೊರಗೆ ಹೋಗಿ, ಆಸ್ಪತ್ರೆಯ ಕಾಗದವನ್ನು ಅವನ ಮೂಗಿನ ಕೆಳಗೆ ಹಿಡಿದು ಹೇಳಿದಳು, "ನಿಮ್ಮ ಫೋಟೊಗಳನ್ನು ಡಿಲೀಟ್ ಮಾಡಿ. ಈಗಲೇ. ನನ್ನೆದುರು."

ನನ್ನನ್ನು ಯಾರೂ ಬೈಯಲಿಲ್ಲ. ಎಲ್ಲರೂ ಹೊಗಳಿದರು, ಕೇಕು ತಂದರು. ನನ್ನ ತಪ್ಪು ವರದಿಯ ವಿಷಯ ನಾನೇ ಎತ್ತಿದರೂ, "ಫಾರ್ಮಲ್ಲಿ ಕೇಳಿದ್ದು ಮಲೇರಿಯಾ ಅಲ್ವಾ ಚೇಚಿ" ಅಂದಳು ಬೀನಾ. ಆ ಕೇಕು ನನಗೆ ಸಲ್ಲಬೇಕಾದದ್ದಲ್ಲ. ಆದರೂ ಎರಡು ತುಂಡು ತಿಂದೆ ಅನ್ನುವುದನ್ನೂ ಬರೆಯಬೇಕು.

ಒಕೆಲ್ಲೊ ಗೇಟಿಗೆ ಮರಳಲು ತಿಂಗಳುಗಳಾದವು. ಬಂದ ದಿನ ಅಂಗಿ ಇನ್ನೂ ಸಡಿಲ, ನಗು ಮಾತ್ರ ಹಳೆಯ ಅಳತೆಯದೇ. "ಗುಡ್ ಮಾರ್ನಿಂಗ್ ಮಮ್ಮಾ. ಇವತ್ತು ಯಾರ ರಕ್ತ?"

"ನಿನ್ನದು ಬೇಡಪ್ಪ, ರುಚಿ ಇಲ್ಲ" ಅಂದೆ. ಮೂರು ವರ್ಷದಿಂದ ಇಟ್ಟುಕೊಂಡಿದ್ದ ಉತ್ತರ. ಅವನು ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ ಮೆಲ್ಲಗೆ ಕೇಳಿದ, "ಮಮ್ಮಾ, ಒಂದು ವಿಷಯ. ಮೊದಲ ಸಲ ಜ್ವರ ಬಂದಾಗ ನೀವೇ ನೋಡಿದ್ದಲ್ಲವಾ? ಆಗಲೂ ಅದು ಇತ್ತಾ?"

ನನ್ನನ್ನು ಯಾರೂ ಕೇಳಿರದ ಪ್ರಶ್ನೆ. ಕೇಳಬೇಕಾಗಿದ್ದವನೇ ಕೇಳಿದ. ನಾನು ಶಾಲೆಯಲ್ಲಿ ನಿಲ್ಲುತ್ತಿದ್ದ ಹಾಗೆ ಕೈಕಟ್ಟಿ ನಿಂತೆ.

"ಇತ್ತು. ನಾನು ಕಂಡೆ. ಹೇಳಲಿಲ್ಲ."

ಅವನ ನಗು ಹೋಯಿತು. ರಸ್ತೆಯ ಕಡೆ ನೋಡಿದ. ಎರಡು ಕಂಪನಿ ಬಸ್ಸುಗಳು ಹೋದವು. ಬೈಯಲಿ ಅಂತ ಕಾದೆ.

"ಈಗ?" ಅಂದ. "ಈಗ ಇದೆಯಾ?"

"ಇಲ್ಲ. ಆಸ್ಪತ್ರೆಯವರು ನೋಡಿದ್ದಾರೆ. ಮೊನ್ನೆ ಕೆಲಸದ ಫಿಟ್‌ನೆಸ್ ಪರೀಕ್ಷೆಗೆ ಇಲ್ಲಿ ನಿನ್ನ ರಕ್ತ ತೆಗೆದಾಗ ನಾನೂ ನಾಲ್ಕು ಹನಿ ನೋಡಿದೆ."

"ನಾಲ್ಕಾ?" ಅವನು ಗೇಟು ತೆರೆದು ಹಿಡಿದ. "ಮುಂದಿನ ಸಲ ಐದು ನೋಡಿ ಮಮ್ಮಾ. ಒಳಗೆ ಹೋಗಿ, ಬಿಸಿಲು."

ಕ್ಷಮಿಸಿದ ಅಂತ ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆದರೆ ನಿವೃತ್ತಿಯ ತನಕ ಆ ಲ್ಯಾಬಿನಲ್ಲಿ ಜ್ವರದವರು ಯಾರು ಬಂದರೂ, ಫಾರ್ಮಿನಲ್ಲಿ ಏನೇ ಬರೆದಿರಲಿ, ನಾನು ಐದು ಹನಿ ನೋಡಿದೆ. ಅಲುಗಾಟ ಕಂಡದ್ದು ಮತ್ತೊಮ್ಮೆಯೂ ಇಲ್ಲ. ಬೀನಾ ಗಡಿಯಾರ ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ವರದಿಯ ಕೆಳಗೆ, ಕೇಳಿದ ಉತ್ತರವಾದ ಮೇಲೆ, ಇನ್ನೊಂದು ಸಾಲು ಸೇರಿಸುತ್ತಿದ್ದೆ: "ಇದಲ್ಲದೆ ಕಂಡದ್ದು."

ನಿಧಿ, ನಿನ್ನ ಲ್ಯಾಬಿನಲ್ಲಿ ನನಗೆ ಹೆಸರೂ ಗೊತ್ತಿಲ್ಲದ ಯಂತ್ರಗಳಿರುತ್ತವೆ. ಅವು ಕೇಳಿದ್ದಕ್ಕೆ ಚೆನ್ನಾಗಿಯೇ ಉತ್ತರ ಕೊಡುತ್ತವೆ. ನಾನೂ ಕೊಡುತ್ತಿದ್ದೆ.

ಈ ಹಾಳೆಗಳ ಜೊತೆ ಹಳೆಯ ಕುಂಕುಮದ ಡಬ್ಬಿಯೊಂದಿದೆ, ಹತ್ತಿಯಲ್ಲಿ ಸುತ್ತಿದ ಗಾಜು ಅದರೊಳಗಿದೆ. ಒಕೆಲ್ಲೊನ ಮೊದಲ ಸ್ಲೈಡು. ಹಳೆಯ ಸ್ಲೈಡುಗಳನ್ನು ಎಸೆಯುವ ದಿನ ಅವನನ್ನೇ ಕೇಳಿ ಇಟ್ಟುಕೊಂಡೆ. ಅದರಲ್ಲೀಗ ಜೀವ ಇಲ್ಲ, ಹೆದರಬೇಡಿ. ಬಲಬದಿಯ ಅಂಚಿನಲ್ಲಿ ಹುಡುಕಿದರೆ ಸಿಗುತ್ತದೆ, ಮೂಗು ಒತ್ತದೆ ನೋಡಬೇಕು. ಡಬ್ಬಿಯನ್ನೂ ಹಾಳೆಗಳನ್ನೂ ಬೇರೆ ಮಾಡಬೇಡಿ. ಹಾಳೆ ಇಲ್ಲದಿದ್ದರೆ ಅದು ಬರೀ ಗಾಜು, ಗಾಜಿಲ್ಲದಿದ್ದರೆ ಇದು ಬರೀ ಮುದುಕಿಯ ಮಾತು. ಹಪ್ಪಳದ ಎಣ್ಣೆ ಹೀರಲು ನಿಮ್ಮ ಅಮ್ಮ ಯಾವಾಗಲೂ ಕಾಗದ ಹುಡುಕುತ್ತಿರುತ್ತಾಳೆ. ಅವಳ ಕೈಗೆ ಸಿಗದಷ್ಟು ಮೇಲಿನ ಕಪಾಟಿನಲ್ಲಿ ಇಡಿ, ಆದರೆ ನಿಮ್ಮ ಕೈಗೆ ಸಿಗುವಲ್ಲಿ.